ಅಪ್ಪ ತಿದ್ದಿ ಕಳಿಸಿದ ಕಾಗದ

ಶಿಕ್ಷಕಿಯಾಗಿರುವ ಮೊಮ್ಮಗಳು ಇವತ್ತು ಉತ್ತರಪತ್ರಿಕೆ ತಿದ್ದಲು ಕೆಂಪು ಶಾಯಿಯ ಬಾಟಲಿ ತೆರೆದಳು. ಆ ವಾಸನೆಗೆ ನಾನು ಮತ್ತೆ ಒಂಬತ್ತು ವರ್ಷದವಳಾದೆ.

ಅಪ್ಪ ಕುಷ್ಟಗಿಯಲ್ಲಿ ಮಾಸ್ತರರು. ಅವ್ವ ತೀರಿಕೊಂಡ ಮೇಲೆ ದಿನಾ ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡು ನನಗೆ ಇಂಗ್ಲಿಷ್ ಕಲಿಸುತ್ತಿದ್ದರು. ಎರಡು ಮಾತುಗಳನ್ನು ‘ದೇರ್‌ಫೋರ್’ ಹಾಕಿ ಜೋಡಿಸುವುದೆಂದರೆ ಅವರಿಗೆ ಬಲು ಇಷ್ಟ.

“ಮಳಿ ಬಂತು, ದೇರ್‌ಫೋರ್?” ಎನ್ನುವರು.

“ನೆಲ ಹಸಿ ಆತು” ಎನ್ನುತ್ತಿದ್ದೆ.

“ಕಾರಣ ಇದ್ರ ಫಲ ಬಂದ ಬರತೈತಿ ನೋಡವ್ವ” ಎಂದು ನಗುವರು.

ಆಮೇಲೆ ಅಪ್ಪ ಮತ್ತೆ ಮದುವೆಯಾದರು. ನನ್ನನ್ನು ಇಟಗಿಯ ಸೋದರತ್ತೆಯ ಮನೆಯಲ್ಲಿ ಬಿಟ್ಟು, “ದೀವಳಗಿಗೆ ಬಂದು ಕರ್ಕೊಂಡ ಹೋಗ್ತೀನಿ” ಎಂದು ಹೋದರು. ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ನಾನೇ ಇಂಗ್ಲಿಷಿನಲ್ಲಿ ಕಾಗದ ಬರೆದೆ: ನನಗೆ ಇಲ್ಲಿ ಯಾರೂ ಗೆಳತಿಯರಿಲ್ಲ, ದೇರ್‌ಫೋರ್ ನೀವು ಬರಬೇಕು.

ಹದಿನೈದು ದಿನಕ್ಕೆ ಲಕೋಟೆ ಬಂತು. ಒಳಗೆ ನನ್ನದೇ ಕಾಗದವಿತ್ತು. ‘ದೇರ್‌ಫೋರ್’ನಲ್ಲಿ ನಾನು ಬಿಟ್ಟಿದ್ದ ಒಂದು ಅಕ್ಷರವನ್ನು ಅಪ್ಪ ಕೆಂಪು ಶಾಯಿಯಲ್ಲಿ ಸೇರಿಸಿ, ಕೆಳಗೆ ‘ಛಲೋ ಬರದೀದಿ’ ಎಂದು ಬರೆದಿದ್ದರು. ಬೇರೇನೂ ಇರಲಿಲ್ಲ.

ಓದಲು ಬಾರದ ಅತ್ತೆ, “ಏನ್ ಬರದಾನವ್ವ ನಿಮ್ಮಪ್ಪ?” ಎಂದು ಕೇಳಿದಳು.

“ಬರ್ತಾರಂತ” ಎಂದೆ.

ಅತ್ತೆ ಅಂಗಳ ಸಾರಿಸಿ ಮೂರು ದಿನ ದಾರಿ ನೋಡಿದಳು. ನಾಲ್ಕನೆಯ ದಿನ ನನ್ನ ತಲೆ ಬಾಚುತ್ತಾ, “ಇನ್ನ ಆ ಕಾಗದದ ಮಾತ ಕೇಳಂಗಿಲ್ಲ ಬಿಡವ್ವ” ಎಂದಳು. ಅವಳಿಗೆ ತಿಳಿದುಹೋಗಿತ್ತು.

ಅಪ್ಪ ಬರಲೇ ಇಲ್ಲ. ಅತ್ತೆಯ ಮನೆಯಿಂದಲೇ ನನ್ನ ಮದುವೆಯಾಯಿತು. ಈಗ ನನಗೆ ತೊಂಬತ್ತರ ಹತ್ತಿರ. ಆದರೂ ಅಂಚೆಯವನು ಬಂದರೆ ಮನೆಯಲ್ಲಿ ಯಾರನ್ನೂ ಏಳಗೊಡದೆ ನಾನೇ ಬಾಗಿಲಿಗೆ ಹೋಗುತ್ತೇನೆ.