ಬಿಗಿಯದೆ ಬಿಟ್ಟ ನಟ್ಟು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕಾಗದ ತೆಗೆದವನು ಅದರ ಮೇಲೆ ಮರದ ಅಳತೆ ಗೀಚಿ ಎದ್ದುಹೋಗಿದ್ದೇನೆ. ಇಂದು ಹಾಗಾಗಬಾರದೆಂದು, ಮೆಟ್ರಿಕ್ ಪರೀಕ್ಷೆಗೆ ಕೂತಂತೆ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೇನೆ. ಎದುರಿಗೆ ಮೊಳೆಯಲ್ಲಿ ಒಂದು ಬ್ರಶ್ಶು ನೇತಾಡುತ್ತಿದೆ. ತೆಂಗಿನ ನಾರನ್ನು ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ್ದು, ಅಂಗೈಯಷ್ಟು ಉದ್ದ, ಒಂದು ಬದಿ ಸವೆದು ಓರೆಯಾಗಿದೆ. ಅದರ ಪಕ್ಕದಲ್ಲೇ, ಮುಪ್ಪಿನಲ್ಲಿ ನನ್ನ ಜೊತೆಗಾರನಾದ, ಮರ ಕೊಯ್ಯುವ ಹಳೆಯ ಬ್ಯಾಂಡ್‌ಸಾ.

ಗೆಳೆಯರೇ, ಈ ಯಂತ್ರವನ್ನು ನೀವು ನೋಡಿರಲಿಕ್ಕಿಲ್ಲ. ಮೇಲೊಂದು ಗಾಲಿ, ಕೆಳಗೊಂದು ಗಾಲಿ, ಎರಡಕ್ಕೂ ರಬ್ಬರಿನ ಅಂಚು, ಎರಡನ್ನೂ ಸುತ್ತುವರಿದು ಓಡುವ ಹಲ್ಲುಳ್ಳ ಉಕ್ಕಿನ ಪಟ್ಟಿ. ಆ ಪಟ್ಟಿಯೇ ಬ್ಲೇಡು. ಅದನ್ನು ಗಾಲಿಯ ಮೇಲೆ ಹಿಡಿದಿಡಲು ಮೊಳೆಯಿಲ್ಲ, ಅಂಟಿಲ್ಲ. ಇರುವುದು ಬರೀ ಬಿಗಿತ, ಜೊತೆಗೆ ಮೇಲಿನ ಗಾಲಿಗೆ ಕೊಟ್ಟ ಕೂದಲೆಳೆಯಷ್ಟು ವಾಲು. ವಾಲು ಸರಿಯಿದ್ದರೆ ಬ್ಲೇಡು ನಟ್ಟನಡುವೆ ಓಡುತ್ತದೆ. ತುಸು ಹೆಚ್ಚುಕಡಿಮೆಯಾದರೆ ಸದ್ದಿಲ್ಲದೆ ಅಂಚಿಗೆ ಸರಿಯುತ್ತದೆ.

ಹಳೆಯ ಯಂತ್ರದಲ್ಲಿ ಹಾಗೆ ಸರಿಯಲು ಕಾರಣಗಳು ಹಲವು. ರಬ್ಬರು ಸವೆದಿರಬಹುದು, ಅದರ ಮೇಲೆ ಮರದ ಹೊಟ್ಟು ಅಂಟಿ ಗಂಟುಗಟ್ಟಿರಬಹುದು, ಬ್ಲೇಡಿನ ಬೆಸುಗೆ ಸೊಟ್ಟಗಿರಬಹುದು. ಕರೆಂಟು ತೆಗೆದು, ಬೆಸುಗೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಗುರುತು ಬಂದಾಗಲೆಲ್ಲ ಬ್ಲೇಡು ಜಿಗಿದರೆ ತಪ್ಪು ಬೆಸುಗೆಯದು. ಗಾಲಿಯ ಪ್ರತಿ ಸುತ್ತಿಗೂ ಜಿಗಿದರೆ ಗಾಲಿಯದು. ಯಾರ ಮೇಲೂ ಸುಳ್ಳು ಹೊರಿಸದೆ ತಪ್ಪು ಹಿಡಿಯಲು ಇಷ್ಟು ತಾಳ್ಮೆ ಸಾಕು. ಕೊನೆಗೆ ಮೇಲಿನ ಗಾಲಿಯ ಹಿಂದಿರುವ ತಿರುಪನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸಿ ಬ್ಲೇಡನ್ನು ನಡುವಿಗೆ ತಂದು, ತಿರುಪು ಕದಲದಂತೆ ಅದರ ಚೆಕ್‌ನಟ್ಟನ್ನು ಬಿಗಿಯಬೇಕು. ನಾನು ಹೇಳಬೇಕಾದದ್ದು ಆ ನಟ್ಟಿನ ವಿಷಯ.

ಆಗ ಈ ಯಂತ್ರ ಮಹಾರಾಷ್ಟ್ರದ ಸಂಭಾಜಿನಗರದ ಹತ್ತಿರ, ವಾಳೂಜ್‌ನಲ್ಲಿ, ಮರದ ಪೆಟ್ಟಿಗೆ ಮಾಡುವ ಒಂದು ಶೆಡ್ಡಿನಲ್ಲಿತ್ತು. ನಾನು ಅದರ ಮಿಸ್ತ್ರಿ. ಹೊಟ್ಟು ಗುಡಿಸಲು ಇಂಡಿ ಕಡೆಯ ಹೆಂಗಸೊಬ್ಬಳಿದ್ದಳು. ಎಲ್ಲರ ಬಾಯಲ್ಲೂ ಆಕೆ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ಆಕೆಗೆ ಮರಾಠಿ ಬಾರದು, ಮಾಲಕರಿಗೆ ಕನ್ನಡ ಬಾರದು. ನಡುವೆ ಎರಡೂ ಬಲ್ಲ ವಿಜಯಪುರದವನು ನಾನು. ಆಕೆಗೆ ಜ್ವರ ಬಂದರೂ ರಜೆ ಬೇಕಾದರೂ ಮಾತು ನನ್ನ ಬಾಯಿಂದಲೇ ಹೋಗಬೇಕು. ಗಾಲಿಗೆ ಅಂಟಿದ ಹೊಟ್ಟು ತೆಗೆಯಲು ಈ ಬ್ರಶ್ಶನ್ನು ಆಕೆಯೇ ಕಟ್ಟಿಕೊಂಡಿದ್ದಳು. "ಅಣ್ಣಾರ, ನಿಮ್ಮ ಗಾಲಿ ನಮ್ಮನಿ ರೊಟ್ಟಿ ಹಂಚಿಗಿಂತ ಸ್ವಚ್ಛ ಐತಿ ನೋಡ್ರಿ," ಎಂದು ನಗುತ್ತಿದ್ದಳು.

ಒಂದು ಮುಂಜಾನೆ ಅವಸರದಲ್ಲಿ ವಾಲು ಸರಿಪಡಿಸಿದ ನಾನು ಚೆಕ್‌ನಟ್ಟು ಬಿಗಿಯಲಿಲ್ಲ, ಗಾಲಿಗೆ ಮರೆಯಾಗಿರುವ ತಗಡಿನ ಬಾಗಿಲನ್ನೂ ಮುಚ್ಚಲಿಲ್ಲ. ಯಂತ್ರದ ನಡುಕಕ್ಕೆ ತಿರುಪು ತಾನಾಗಿ ಸಡಿಲಿತು. ಬ್ಲೇಡು ಕಳಚಿ ಹೊರಗೆ ಚಿಮ್ಮಿ, ಎದುರು ನಿಂತಿದ್ದ ಮಾಲಕರ ತೋಳು ಸೀಳಿತು. ಟವೆಲು ಸುತ್ತಿಕೊಂಡು ಅವರು ಯಾರ ತಪ್ಪಿದು ಎಂದು ಮರಾಠಿಯಲ್ಲಿ ಕೂಗಿದರು. ನನ್ನ ಬೆರಳುಗಳಿಗೆ ಉತ್ತರ ಗೊತ್ತಿತ್ತು. ಬಾಯಿ ಮಾತ್ರ ಮಾವಶಿ ಗಾಲಿ ಒರೆಸಿಲ್ಲ ಎಂದಿತು. ಆಕೆಯನ್ನೇ ಕೇಳು ಎಂದರು. ಕೇಳಿದೆ.

"ಮುಂಜಾನೆನ ತಿಕ್ಕೀನಲ್ರಿ ಅಣ್ಣಾರ! ಗಾಲಿ ಇಲ್ಲೇ ಐತಿ, ಬೊಟ್ಟ ಹಚ್ಚಿ ನೋಡ್ರಿ ಅಂತ ಹೇಳ್ರಿ ಅವರಿಗೆ."

ನಾನು ತಿರುಗಿ ಮರಾಠಿಯಲ್ಲಿ ಹೇಳಿದ್ದು: "ಮರೆತೆ, ತಪ್ಪಾಯಿತು ಅಂತಿದ್ದಾಳೆ."

ನಾಳೆಯಿಂದ ಬರುವುದು ಬೇಡ ಎಂದರು ಮಾಲಕರು. ಅದನ್ನು ಕನ್ನಡಕ್ಕೆ ತರುವಾಗ ಇನ್ನಷ್ಟು ವಾಲಿಸಿದೆ: "ನಾ ಭಾಳ ಹೇಳಿ ನೋಡಿದೆವ್ವಾ, ಸೇಠ ಕೇಳವಲ್ರು. ನಾಳಿಂದ ಬರಬ್ಯಾಡ ಅಂತಾರ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಇರ್ಲಿ ಬಿಡ್ರಿ. ನೀವರೆ ನನ್ನ ಸಲುವಾಗಿ ನಾಕ ಮಾತ ಆಡಿದ್ರಲ್ಲ, ಅಷ್ಟ ಸಾಕು. ನಮ್ಮವರು ಅಂದ್ರ ನಮ್ಮವರ." ಬ್ರಶ್ಶನ್ನು ಯಂತ್ರದ ಪಕ್ಕದ ಮೊಳೆಗೆ ಸಿಕ್ಕಿಸಿದಳು. "ಗಾಲಿಗೆ ಹೊಟ್ಟ ಹಿಡೀಗೊಡಬ್ಯಾಡ್ರಿ."

ಆಕೆ ಹೋದ ಮೇಲೆ ಗಾಲಿಗೆ ಬೆರಳು ಹಚ್ಚಿ ನೋಡಿದೆ. ಒಂದು ಕಣ ಹೊಟ್ಟಿರಲಿಲ್ಲ. ಯಾರೂ ನೋಡದಂತೆ ನಟ್ಟು ಬಿಗಿದೆ. ಪಾನಾದ ಎರಡು ಎಳೆತ, ಅಷ್ಟೇ. ಆಕೆ ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ನನಗೆ ಸಲ್ಲದ ಆ ಕೃತಜ್ಞತೆಯನ್ನು ಎಲ್ಲಿಡಬೇಕೆಂದು ಇಂದಿಗೂ ತಿಳಿದಿಲ್ಲ.

ಶೆಡ್ಡು ಮುಚ್ಚಿದಾಗ ಯಂತ್ರವನ್ನು ನಾನೇ ಕೊಂಡು ನಾಸಿಕ್‌ಗೆ ತಂದೆ; ಬ್ರಶ್ಶು ಜೊತೆಗೇ ಬಂತು. ಕಳೆದ ತಿಂಗಳು ಸಂಭಾಜಿನಗರಕ್ಕೆ ಹೋಗಿ ಮಾಲಕರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ತೋಳಿನ ಕಲೆ ನೋಡಿಕೊಂಡು ನಕ್ಕರು. "ಯಾವ ಮಾವಶಿ? ಅರೇ ಮಿಸ್ತ್ರಿ, ಇಷ್ಟಕ್ಕಾಗಿ ಬಸ್ ಹತ್ತಿ ಬಂದೆಯಾ?" ಕ್ಷಮಿಸಿದ್ದೇನೆ ಹೋಗು ಎಂದರು. ಆದರೆ ಆ ಕ್ಷಮೆ ಅವರು ಕೊಡುವಂಥದ್ದಾಗಿರಲಿಲ್ಲ.

ಆಕೆ ನಾಸಿಕ್ ಹತ್ತಿರದ ನಿಫಾಡ್ ಕಡೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋದಳೆಂದು ಯಾರೋ ಹೇಳಿದರು. ಮೂರು ಭಾನುವಾರ ಹೋಗಿ ಬಂದೆ. "ಮಾವಶಿ ಅಂದ್ರ ಹತ್ತ ಮಂದಿ ಅದಾರ್ರಿ ಕಾಕಾ. ಖರೇ ಹೆಸರ ಹೇಳಿದ್ರ ಇಲ್ಲಿ ಯಾರಿಗ ಗೊತ್ತಾಗತೈತಿ?" ಎಂದ, ಕೂಲಿಯವರನ್ನು ಕರೆತರುವ ನಮ್ಮ ಕಡೆಯ ಮುಕಾದಮ. ನಾಲ್ಕನೆಯ ಭಾನುವಾರವೂ ಹೋಗುತ್ತೇನೆ, ಐದನೆಯದಕ್ಕೂ. ಕಾಲು ಇರುವತನಕ ಹೋಗುತ್ತೇನೆ.

ಇಂದು ಬೆಳಿಗ್ಗೆಯೂ ಬ್ಲೇಡನ್ನು ನಡುವಿಗೆ ತಂದು, ನಟ್ಟು ಬಿಗಿದು, ಬಾಗಿಲು ಮುಚ್ಚುವ ಮೊದಲು ಈ ಬ್ರಶ್ಶಿನಿಂದ ಗಾಲಿ ತಿಕ್ಕಿದೆ. ಇದರ ಸವೆತದಲ್ಲಿ ಆಕೆಯ ಕೈಯದೆಷ್ಟು, ನನ್ನದೆಷ್ಟು ಎಂದು ಈಗ ಹೇಳಲಾಗದು.

ಗೆಳೆಯರೇ, ಒಂದು ಉಪಕಾರ ಮಾಡಿ. ಆಕೆಗೆ ಓದು ಬಾರದು. ಇಲ್ಲಿ ಬೆಳೆದ ನಮ್ಮ ಕಡೆಯವರ ಮಕ್ಕಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಎಲ್ಲಾದರೂ ಸಿಕ್ಕರೆ ಇದನ್ನು ಆಕೆಗೆ ಗಟ್ಟಿಯಾಗಿ ಓದಿ ಹೇಳಿ. ನನ್ನ ಮೇಲಿನ ಕನಿಕರಕ್ಕೆ ನಡುವೆ ಒಂದು ಮಾತನ್ನೂ ವಾಲಿಸಬೇಡಿ. ಕೆಲಸಕ್ಕೆ ಬಂದ ಮೊದಲ ದಿನವೇ ಆಕೆ ತನ್ನ ಹೆಸರು ಹೇಳಿದ್ದಳು. ಮಾಲಕರಿಗೆ ಅದನ್ನೂ ನಾನು ದಾಟಿಸಲಿಲ್ಲ. ಗುರುಬಾಯಿ.