ಜಗಲಿಯ ಗೂಡಿನ ಲೋಟ

ಹೊಸದುರ್ಗದ ಅನ್ನಪೂರ್ಣಮ್ಮನವರ ಕೈಯಲ್ಲಿ ಸೌಟಿದ್ದ ದಿನ ಮಠದ ದಾಸೋಹದಿಂದ ಯಾರೂ ಅರೆಹೊಟ್ಟೆಯಲ್ಲಿ ಎದ್ದದ್ದಿಲ್ಲ. “ಇನ್ನೊಂಚೂರು ಹಾಕಿಸ್ಕಳ್ರಿ, ಪ್ರಸಾದಕ್ಕೆ ಎಂಥಾ ನಾಚ್ಕೆ?” ಎನ್ನುತ್ತ ಪಂಕ್ತಿಯುದ್ದಕ್ಕೂ ನಡೆಯುವರು. ಕೊಬ್ಬರಿ ವ್ಯಾಪಾರಿ ಶಿವಕುಮಾರಪ್ಪನವರ ಮಡದಿ. ಅರವತ್ತು ದಾಟಿದರೂ ಸೋಮವಾರದ ಉಪವಾಸ ತಪ್ಪಿಸಿದವರಲ್ಲ. ಶಿವನು ಮೆಚ್ಚುವ ಜೀವವೆಂದು ಊರು ನಂಬಿತ್ತು. ಅವರೂ ನಂಬಿದ್ದರು.

ಅದೇ ಕೈ ಮನೆಯಲ್ಲಿ ಇನ್ನೊಂದು ಬಗೆಯಲ್ಲಿ ಬಡಿಸುತ್ತಿತ್ತು. ಮತ್ತೋಡಿನ ಕಡೆಯ ಗೊಲ್ಲರಹಟ್ಟಿಯಿಂದ ಬೆಣ್ಣೆ ತರುವ ಜುಂಜಮ್ಮನಿಗೆಂದೇ ಜಗಲಿಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟವಿತ್ತು. ಬೆಣ್ಣೆ ಒಳಗೆ ಹೋಗುತ್ತಿತ್ತು. ತಂದವಳು ಹೊರಗೇ ಕೂರುತ್ತಿದ್ದಳು. ಅನ್ನಪೂರ್ಣಮ್ಮ ಪಾತ್ರೆಗೆ ಪಾತ್ರೆ ತಾಗದಂತೆ ಮೇಲಿನಿಂದ ಚಹಾ ಹುಯ್ಯುವರು. ಜುಂಜಮ್ಮ ಕುಡಿದು, ತೊಳೆದು, ಲೋಟವನ್ನು ಗೂಡಿನಲ್ಲಿ ಬೋರಲಿಟ್ಟು ಹೋಗುವಳು. ಹೀಗೆ ಮೂವತ್ತು ವರ್ಷ.

ಹೋದ ವರ್ಷ ಜುಂಜಮ್ಮ ಹಟ್ಟಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನ ಅನ್ನಪೂರ್ಣಮ್ಮ ಮಂಡಿನೋವೆಂದು ತಪ್ಪಿಸಿಕೊಂಡರು. ಕುರಿ ಬೇಯುವ ಮನೆಯಲ್ಲಿ ಊಟಕ್ಕೆ ಕೂರುವುದು ಹೇಗೆಂಬುದೇ ನಿಜವಾದ ನೋವು. ಎರಡು ತಿಂಗಳ ಮೇಲೆ, ಕರೆದು ಕರೆದು ಅವಳ ಬಾಯಿ ಸೋತಾಗ, ಒಂದು ಮಂಗಳವಾರ ಸೀರೆ, ಹಣ್ಣು ಹಿಡಿದು ಹೊರಟರು.

“ಬರ್ರಿ ಬರ್ರಿ! ಲೇ ಕಾವ್ಯಶ್ರೀ, ಚಾಪೆ ಹಾಸೇ, ಅಮ್ಮಾರು ಬಂದ್ರು!”

ಕಾವ್ಯಶ್ರೀ ಅವಳ ಸೊಸೆ, ಏಳು ತಿಂಗಳ ಬಸುರಿ. ಒಳಗಿನಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ಅನ್ನಪೂರ್ಣಮ್ಮ ದಾರಿಯಲ್ಲೇ ಹೊಸೆದಿಟ್ಟುಕೊಂಡ ಮಾತನ್ನು ಹೊರಗೆ ಹಾಕಿದರು.

“ಊಟಕ್ಕೇನೂ ತೊಂದ್ರೆ ತಗಬ್ಯಾಡ ಜುಂಜಮ್ಮ. ಇವತ್ತು ನಂದು ಉಪವಾಸ.”

“ಉಪಾಸವಾ? ಮಂಗಳಾರ?”

“ಈ ತಿಂಗ್ಳು ಮಂಗಳವಾರನೂ ಹಿಡಿದೀನಿ.”

ಜುಂಜಮ್ಮ ಅವರ ಮುಖವನ್ನೊಮ್ಮೆ ನೋಡಿದಳು. ಮತ್ತೆ, “ಒಳಗಾದ್ರೂ ನೋಡ್ಬರ್ರಿ” ಎಂದು ಕರೆದೊಯ್ದಳು. ಮೂಲೆಯಲ್ಲಿ ಹೊಸ ಒಲೆ, ಹೊಸ ಪಾತ್ರೆ, ಅಂಗಡಿಯ ಚೀಟಿ ಕೂಡ ಕೀಳದ ಸ್ಟೀಲಿನ ತಟ್ಟೆ.

“ಇವೆಲ್ಲ ನಿಮಗೇ ಅಂತ ಬ್ಯಾರೆ ಇಟ್ಟಿದ್ದು. ಅಮ್ಮಾರು ಬಂದು ಉಣ್ಣೋ ತನಕ ಈ ಮನ್ಯಾಗೆ ಮಾಂಸ ಬೇಯ್ಸಬ್ಯಾಡ್ರಿ ಅಂದಿದ್ದೆ. ನನ್ ಮಗ ಮಂಜಣ್ಣ, ‘ನಿಮ್ಮಮ್ಮಾರು ಬರೋ ಹೊತ್ತಿಗೆ ನಮ್ಮ ಕುರಿಗೆ ಮುಪ್ಪು ಬರ್ತೈತೆ’ ಅಂತ ನಗಾಡ್ತಾನೆ.”

ಅನ್ನಪೂರ್ಣಮ್ಮ ತಟ್ಟೆಯ ಮೇಲಿನ ಚೀಟಿಯನ್ನು ಬೆರಳಿನಿಂದ ಸವರಿದರು. ಅವಳೂ ಬೇರೆ ಪಾತ್ರೆ ಇಟ್ಟಿದ್ದಳು, ತಾವೂ ಇಟ್ಟಿದ್ದರು. ಶಿವನ ಮುಂದೆ ಎರಡನ್ನೂ ಇಟ್ಟರೆ ಯಾವುದು ಮಡಿಯಾದೀತು?

ಅಷ್ಟರಲ್ಲಿ ಸೊಸೆ ಮುದ್ದೆಯ ಪಾತ್ರೆಯ ಮುಚ್ಚಳ ತೆಗೆದಳು.

“ಮುಚ್ಚೇ ಅದನ್ನ. ಮನೆಗೆ ಬಂದ ಮುತ್ತೈದೆ ಉಪಾಸ ಕುಂತಿರುವಾಗ ನಾವು ಉಂಡ್ರೆ ದೇವ್ರು ಮೆಚ್ಚಲ್ಲ” ಎಂದು ಜುಂಜಮ್ಮ ತಡೆದಳು.

“ಆಗ್ಲಿ ಅತ್ತೆ.” ಹುಡುಗಿ ಮುಚ್ಚಳ ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೊರಗಿದಳು.

ಯಾರೂ ಹಸಿದು ಹೋಗಬಾರದೆಂದು ದಾಸೋಹದಲ್ಲಿ ಕೂಗುತ್ತಿದ್ದ ತಮ್ಮ ನಾಲಗೆಯೇ ಈ ಬಸುರಿಯ ಅನ್ನಕ್ಕೆ ಮುಚ್ಚಳ ಹಾಕಿತ್ತು, ಅದೂ ಶಿವನ ಹೆಸರಿನ ವ್ರತವನ್ನು ಅಡ್ಡವಿಟ್ಟು. ಅನ್ನಪೂರ್ಣಮ್ಮನಿಗೆ ಕೂರಲಾಗಲಿಲ್ಲ.

“ಬಡಿಸು ಜುಂಜಮ್ಮ. ನಾನು ಸುಳ್ಳಾಡಿದೆ. ಉಪವಾಸ ಇಲ್ಲ.”

“ಗೊತ್ತಿತ್ತು ಬಿಡ್ರಿ.” ಜುಂಜಮ್ಮನ ದನಿಯಲ್ಲಿ ಕೊಂಕಿರಲಿಲ್ಲ. “ಮೂವತ್ತು ವರ್ಷ ನಿಮ್ ಜಗಲಿ ಮ್ಯಾಲೆ ಕುಂತೀನಿ, ನಿಮ್ ಉಪಾಸ ಯಾವಾರ ಅಂತ ನಂಗೆ ತಿಳೀದಾ?”

“ಮತ್ತೆ ಯಾಕೆ ಸುಮ್ನಿದ್ದೆ?”

“ಮನೆಗೆ ಬಂದೋರ ಮಾತು ಸುಳ್ಳು ಮಾಡಬಾರ್ದಲ್ರೀ.”

ಕಾವ್ಯಶ್ರೀಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಂಡರು. ಸಾರು ರುಚಿಯಾಗಿತ್ತು. ಮುದ್ದೆ ಮಾತ್ರ ತುತ್ತುತುತ್ತಿಗೂ ಎದೆಯಲ್ಲಿ ನಿಂತು ಇಳಿಯಿತು.

ಮರುವಾರ ಜುಂಜಮ್ಮ ಬೆಣ್ಣೆ ತಂದಳು. “ಒಳಗೆ ಬಾರೇ” ಎಂದು ಅನ್ನಪೂರ್ಣಮ್ಮ ಕೈ ಹಿಡಿದರು. ಹೊಸ್ತಿಲವರೆಗೆ ಬಂದ ಅವಳ ಕಾಲು ಅಲ್ಲೇ ನಿಂತಿತು.

“ಬ್ಯಾಡ್ರಿ, ಇಲ್ಲೇ ರೂಢಿ ಆಗೈತೆ” ಎಂದು ನಕ್ಕು, ಜಗಲಿಗೆ ಹಿಂದಿರುಗಿ ಗೂಡಿಗೆ ಕೈ ಹಾಕಿದಳು.

ಅನ್ನಪೂರ್ಣಮ್ಮ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡು, ತಮ್ಮ ಸ್ಟೀಲಿನ ಲೋಟವನ್ನು ಅವಳಿಗೆ ಕೊಟ್ಟು, ಪಕ್ಕದಲ್ಲೇ ಕುಳಿತರು. ಅಲ್ಯೂಮಿನಿಯಂ ಲೋಟಕ್ಕೆ ಚಹಾ ಹುಯ್ದುಕೊಂಡು ಬಾಯಿಗಿಟ್ಟರು. ಅಂಚು ತಗ್ಗಿ ನೆಗ್ಗಿತ್ತು. ತುಟಿಗೆ ಒರಟಾಗಿ ಒತ್ತಿತು.

“ಅದು ಬಾಯಿ ಸುಡ್ತೈತ್ರಿ, ಹುಷಾರು” ಎಂದಳು ಜುಂಜಮ್ಮ.