ಹಾಸಿಗೆಯಕ್ಕನ ಒಂದು ಸಾಲಿನ ಕಾರಣ

ಹಾಸಿಗೆಯಕ್ಕನಿಗೆ ಈಗ ಎಪ್ಪತ್ತೆರಡು. ಇಷ್ಟು ವಯಸ್ಸಾದವರನ್ನು ಅಕ್ಕ ಅನ್ನುವುದೇಕೆ ಎಂದು ಹೊಸಬರು ಕೇಳುತ್ತಾರೆ. ನಮ್ಮ ಪೇಟೆಯಲ್ಲಿ ಐದು ವರ್ಷದ ಮಗುವಿಗೂ ಅವರು ಅಕ್ಕನೇ. ಅಜ್ಜಿ ಎಂದವರ ದಿಂಬಿಗೆ ಎರಡು ಹಿಡಿ ಹತ್ತಿ ಕಡಿಮೆ ಬೀಳುತ್ತದೆ ಎಂಬ ಸುದ್ದಿಯೂ ಇದೆ. ಅಜ್ಜಿ ಎನ್ನುವ ಹಕ್ಕಿರುವುದು ಮೊಮ್ಮಗಳೊಬ್ಬಳಿಗೆ ಮಾತ್ರ.

ಅವರ ಅಂಗಡಿ ನಮ್ಮ ಪೇಟೆ ಸಭೆಯ ಕಟ್ಟಡದಿಂದ ಎರಡನೇ ಬಾಗಿಲು. ಒಂದೇ ಕೋಣೆ, ಅರ್ಧಕ್ಕೆ ಹತ್ತಿ. ಸೂರಿನಲ್ಲಿ ಫ್ಯಾನ್ ಇದೆ, ಆದರೆ ಹಾಕುವಂತಿಲ್ಲ. ಹಾಕಿದರೆ ಹತ್ತಿಯೆಲ್ಲ ಬೀದಿ ಪಾಲು. ಅಕ್ಕ ಹೊಸ್ತಿಲ ಹತ್ತಿರ ಕೂತು, ಬಾಯಲ್ಲಿ ದಾರ ಕಚ್ಚಿಕೊಂಡು, ದಬ್ಬಣ ಚುಚ್ಚುತ್ತ ಹಲ್ಲಿನ ಸಂದಿಯಿಂದಲೇ ಮಾತಾಡುತ್ತಾರೆ. ಯಾರಾದರೂ ಹಳೇ ಹಾಸಿಗೆ ತಂದರೆ ಮೊದಲು ಒಂದು ಕಡೆ ಹೊಲಿಗೆ ಬಿಚ್ಚಿ, ಕೈ ತೂರಿಸಿ, ಒಂದು ಹಿಡಿ ಹತ್ತಿ ಎಳೆದು ಮೂಸುತ್ತಾರೆ. ಆಮೇಲೆ ಆ ಮನೆಯ ಗುಟ್ಟು ಹೊರಬೀಳುತ್ತದೆ.

"ನಿಮ್ಮನೇಲಿ ಯಾರೋ ಮಲ್ಕೊಂಡೇ ಚಹಾ ಕುಡೀತಾರೆ."

"ಇಲ್ಲಕ್ಕಾ, ಯಾರೂ ಇಲ್ಲ."

"ಹಾಗಾದ್ರೆ ಹಾಸಿಗೇನೇ ಕುಡ್ದಿರ್ಬೇಕು ಬಿಡಿ."

ಮದುವೆಯಾಗಿ ಬಂದಾಗ ಅಕ್ಕನಿಗೆ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲವಂತೆ. ಅತ್ತೆ ಕಲಿಸಿದರು. ಇಪ್ಪತ್ತೊಂಬತ್ತಕ್ಕೆ ಸ್ವಂತ ಅಂಗಡಿ ಇಟ್ಟರು. ಗಂಡ ಅಂಚೆ ಹಂಚುವ ಕೆಲಸದಲ್ಲಿದ್ದು ನಿವೃತ್ತರಾದವರು, ಪೇಟೆಗೆಲ್ಲ ಅಂಚೆಯಜ್ಜ. ಈಗ ಅಂಗಡಿಯ ಮೂಲೆಯಲ್ಲಿ ಕೂತು ಕತೆ ಹಂಚುತ್ತಾರೆ. ಅವರ ಕತೆಗಳಲ್ಲಿ ಒಂದು ನಲವತ್ತಮೂರು ವರ್ಷದ ಹಿಂದಿನದು. ಗಡಿಯಾಚೆ ಯುದ್ಧವಾಗಿ ಒಂದಷ್ಟು ಕುಟುಂಬಗಳು ನಡೆದುಕೊಂಡೇ ನಮ್ಮ ಪೇಟೆಗೆ ಬಂದಿದ್ದವು. ಸಭೆ ಸೇರಿತು. ಅವರಿಗೆ ಜಾಗ ಕೊಡೋಣ ಎಂದು ಕೈ ಎತ್ತಿದವರು ಏಳೇ ಜನ. "ಆ ಏಳರಲ್ಲಿ ನಾನೊಬ್ಬ, ಇವಳೊಬ್ಬಳು" ಎಂದು ಅಂಚೆಯಜ್ಜ ಎರಡು ಬೆರಳು ತೋರಿಸುತ್ತಿದ್ದರು. ಅಕ್ಕ ಆಗ ತಲೆ ಎತ್ತುತ್ತಿರಲಿಲ್ಲ. ಹೊಲಿಗೆ ಎಣಿಸುತ್ತಿದ್ದಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಮೊಮ್ಮಗಳು ಈ ಕತೆ ಕೇಳಿಯೇ ಬೆಳೆದವಳು. ಶಾಲೆಯಲ್ಲಿದ್ದಾಗ 'ನನ್ನ ಅಜ್ಜಿಯ ಕೈ' ಎಂದು ಪ್ರಬಂಧ ಬರೆದು ಬಹುಮಾನ ತಂದಳು. ಈಗ ಕಾನೂನು ಓದುತ್ತಿದ್ದಾಳೆ. ಅನ್ಯಾಯ ಕಂಡರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ, ಮತ್ತು ಅವಳಿಗೆ ಅನ್ಯಾಯ ಬಹಳ ಕಾಣುತ್ತದೆ.

ಈ ವರ್ಷ ಮತ್ತೆ ಯುದ್ಧವಾಯಿತು. ಹನ್ನೊಂದು ಕುಟುಂಬಗಳು ಸೇತುವೆ ಹತ್ತಿರದ ಶಾಲೆಯಲ್ಲಿ ಬಂದು ನಿಂತವು. ರಜೆ ಮುಗಿಯುವುದರೊಳಗೆ ಶಾಲೆ ತೆರವಾಗಬೇಕು. ಸಭೆಯ ಕಟ್ಟಡದ ಹಿಂದೆ ನೂಲಿನ ಹಳೇ ಗೋದಾಮು ಇದೆ. ಈಗ ಅದರಲ್ಲಿರುವುದು ಯುವಕರ ಸಂಘದ ಟೇಬಲ್ ಟೆನಿಸ್ ಮೇಜೊಂದೇ; ಮೊಮ್ಮಗಳೂ ಆ ಸಂಘದವಳೇ. ಗೋದಾಮನ್ನು ಆ ಕುಟುಂಬಗಳಿಗೆ ಬಿಟ್ಟುಕೊಡುವುದೋ ಬೇಡವೋ ಎಂದು ತೀರ್ಮಾನಿಸಲು ಭಾನುವಾರ ಬೆಳಿಗ್ಗೆ ಸಭೆ ಕರೆದರು.

ಸಭೆಯ ಗುಮಾಸ್ತ ನಾನು. ನಮ್ಮ ಸಭೆಗೆ ಒಂದು ವಿಚಿತ್ರ ನಿಯಮವಿದೆ. ಬೇಡ ಎಂದು ಕೈ ಎತ್ತುವವರು ಒಂದು ಸಾಲಿನಲ್ಲಿ ಕಾರಣ ಹೇಳಬೇಕು, ಅವರ ಮಾತಿನಲ್ಲೇ ಅದನ್ನು ನಡಾವಳಿ ಪುಸ್ತಕಕ್ಕೆ ಇಳಿಸಬೇಕು. ಹಳೇ ವಿಷಯ ಮತ್ತೆ ಸಭೆಗೆ ಬಂದರೆ, ಹಿಂದಿನ ನಡಾವಳಿಯನ್ನು ಹೆಸರು, ಕಾರಣ ಸಹಿತ ಗಟ್ಟಿಯಾಗಿ ಓದಬೇಕು. ಓದುವುದು ಬೇಡವೆಂದು ಸಭೆ ಒಮ್ಮತದಿಂದ ಹೇಳಿದರೆ ಬಿಡಬಹುದು. ಒಬ್ಬರು ತಕರಾರು ಮಾಡಿದರೂ ಓದಲೇಬೇಕು.

ಆ ವಾರ ನನ್ನ ಕಚೇರಿಗೆ ಎಂದೂ ಬಾರದವರೆಲ್ಲ ಬಂದರು. ಒಬ್ಬರು ಕುರ್ಚಿ ಎಳೆದು, "ಅಲ್ಲಪ್ಪಾ, ಅಷ್ಟು ಹಳೇ ಪುಸ್ತಕ, ಗೆದ್ದಲು ಹಿಡಿದಿರ್ಬೇಕಲ್ವಾ?" ಎಂದರು. ಹಿಡಿದಿಲ್ಲ ಎಂದೆ. "ಒಂದೆರಡು ಹಾಳೇನಾದ್ರೂ?" ಎಂದು ಆಸೆಯಿಂದ ನೋಡಿದರು. ಬಂದವರೆಲ್ಲ ಹೋಗುವ ಮುಂಚೆ, ತಾವು ಆ ಏಳು ಜನರಲ್ಲಿ ಒಬ್ಬರು ಎಂದು ಹೇಳಿಯೇ ಹೋದರು. ಗುರುವಾರದ ಹೊತ್ತಿಗೆ ಆ ಏಳು ಜನ ಹತ್ತೊಂಬತ್ತಾಗಿದ್ದರು.

ನಾನು ಪುಸ್ತಕ ತೆಗೆದು ನೋಡಿದೆ. ಪರ ಏಳು, ವಿರೋಧ ಐವತ್ತೆರಡು. ಏಳರಲ್ಲಿ ಆರು ಜನ ತೀರಿಹೋಗಿದ್ದಾರೆ. ಉಳಿದವರು ಗಡಿಯಾರ ರಿಪೇರಿಯವರು. ಅವರು ಮಾತ್ರ ನನ್ನ ಕಚೇರಿಗೆ ಬಂದಿರಲಿಲ್ಲ. ಹೋಗಿ ಕೇಳಿದೆ, ನೀವ್ಯಾಕೆ ಇದನ್ನ ಯಾರಿಗೂ ಹೇಳಿಲ್ಲ ಎಂದು. ಕಣ್ಣಿನ ಗಾಜು ತೆಗೆಯದೆಯೇ ಗದರಿದರು. "ಆಗ ಕೇಳಿದ್ರು, ಹೇಳ್ದೆ. ದಿನಾ ಬೆಳಿಗ್ಗೆ ಎದ್ದು ಹೇಳ್ಬೇಕಾ? ಬೆಳಕಿಗೆ ಅಡ್ಡ ನಿಂತಿದೀಯ, ಸರಿ."

ಶುಕ್ರವಾರ ಹಾಸಿಗೆಯಕ್ಕ ಬಂದರು. ಸೆರಗಿನ ತುಂಬ ಹತ್ತಿಯ ಎಳೆ.

"ನನ್ನ ಸಾಲು ತೋರ್ಸಪ್ಪ."

ತೋರಿಸಲು ನನಗೆ ಮನಸ್ಸಾಗಲಿಲ್ಲ. ಅವರೇ ಪುಸ್ತಕ ತಿರುಗಿಸಿಕೊಂಡು ಬೆರಳಿಟ್ಟು ಹುಡುಕಿದರು. ಇಪ್ಪತ್ತಮೂರನೇ ಸಾಲು. ಹಾಸಿಗೆ ಅಂಗಡಿಯವರು, ವಿರೋಧ. ಕಾರಣ: "ಬಂದವರಲ್ಲಿ ಇಬ್ಬರು ಹಾಸಿಗೆ ಹೊಲಿಯುವವರಿದ್ದಾರೆ. ನನ್ನ ಅಂಗಡಿ ಇಟ್ಟು ಇನ್ನೂ ಆರೇ ತಿಂಗಳು."

ಅಕ್ಕ ಎರಡು ಸಲ ಓದಿದರು. "ನನ್ನ ಮಗೂಗೆ ಜ್ವರ ಇತ್ತು, ಬಂದವರಿಂದ ಇನ್ನೂ ಸೋಂಕು ಹತ್ತುತ್ತೆ ಅಂತ ಹೆದರಿದ್ದೆ... ಅದಿಲ್ವಾ ಇಲ್ಲಿ?"

"ಇಲ್ಲಕ್ಕಾ."

"ಜ್ವರ ಬಂದಿದ್ದು ನಿಜ ಕಣೋ." ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಅದು ಇದಾದ ಮರುವರ್ಷ ಅನ್ಸುತ್ತೆ."

ಗಂಡ ಹೇಳುವ ಕತೆ ಸುಳ್ಳೆಂದು ಅಕ್ಕನಿಗೆ ಮೊದಲಿಂದಲೂ ಗೊತ್ತಿತ್ತು. ತಮಗೆ ತಾವೇ ಹೇಳಿಕೊಂಡ ಜ್ವರದ ಕತೆಯೂ ಸುಳ್ಳೆಂದು ಗೊತ್ತಾದದ್ದು ಆವತ್ತು.

"ಅವಳು ಪಟ್ಟಿ ಮಾಡ್ತಾಳಂತೆ" ಎಂದರು. ಮೊಮ್ಮಗಳ ವಿಷಯ. ಆಗ ಬೇಡ ಎಂದವರ ಹೆಸರನ್ನೆಲ್ಲ, ಸಭೆಯಲ್ಲಿ ಓದುವಾಗ ಕೇಳಿ, ದೊಡ್ಡ ಹಾಳೆಯಲ್ಲಿ ಬರೆದು ಸಭೆಯ ಗೋಡೆಗೆ ಅಂಟಿಸುತ್ತೇನೆ, ದಾನಿಗಳ ಫಲಕದಿಂದ ಅವರ ಹೆಸರು ಅಳಿಸಿ ಎನ್ನುತ್ತೇನೆ ಎಂದು ಅವಳು ನನ್ನ ಹತ್ತಿರವೂ ಹೇಳಿದ್ದಳು. "ಓದೋದನ್ನ ತಪ್ಪಿಸೋಕೆ ಆಗಲ್ವೇನೋ?"

ನಿಯಮ ಹೇಳಿದೆ. ಒಮ್ಮತವಿದ್ದರೆ ಬಿಡಬಹುದು.

ಅಕ್ಕನ ಮುಖ ಅರಳಿತು. "ಹತ್ತೊಂಬತ್ತು ಜನ ಸುಳ್ಳರಿದಾರೆ. ಒಮ್ಮತಕ್ಕೇನು ಬರ!" ಎಂದು ಸೆರಗು ಕೊಡವಿ ಹೋದರು.

ಭಾನುವಾರ ತೊಂಬತ್ತೇಳು ಜನ ಸೇರಿದ್ದರು. ಹಳೇ ನಡಾವಳಿ ಓದುವುದನ್ನು ಬಿಡೋಣವೇ ಎಂದು ಅಧ್ಯಕ್ಷರು ಕೇಳಿ ಮುಗಿಸುವ ಮುಂಚೆಯೇ ಹಿರಿಯರೆಲ್ಲ ಬಿಡೋಣ ಬಿಡೋಣ ಎಂದರು. ಕಿರಿಯರಿಗೆ ಬೇಗ ಮುಗಿದರೆ ಸಾಕಿತ್ತು. ಮೊಮ್ಮಗಳು ಮುಂದಿನ ಸಾಲಿನಲ್ಲಿ ತನ್ನ ಭಾಷಣದ ಚೀಟಿ ಓದುವುದರಲ್ಲಿ ಮುಳುಗಿದ್ದಳು, ಇದನ್ನು ಕೇಳಿಸಿಕೊಳ್ಳಲೇ ಇಲ್ಲ. ನಾನು ಪುಸ್ತಕ ಮುಚ್ಚಿದೆ.

ಮೊದಲು ನಿವೃತ್ತ ಮೇಷ್ಟ್ರು ಎದ್ದರು. ಒಳ್ಳೆಯ ಮಾತುಗಾರರು. "ಹೋದ ಸಲ ಈ ಪೇಟೆ ಕಣ್ಣೀರಿಟ್ಟು ಅವರನ್ನ ಕಳಿಸಿಕೊಟ್ಟಿತು. ಮನಸ್ಸಿರಲಿಲ್ಲ ಅಂತಲ್ಲ, ಜಾಗ ಇರಲಿಲ್ಲ. ಈಗಲೂ ಇಲ್ಲ. ಆಗಿನ ಒಳ್ಳೇ ಜನರಿಗೇ ಆಗದ್ದು ನಮ್ಮಿಂದ ಆಗುತ್ತಾ?"

ಹಲವು ತಲೆಗಳು ಅಲ್ಲಾಡಿದವು.

ಮೊಮ್ಮಗಳು ಎದ್ದಳು, ಮೂಗು ಕೆಂಪಗೆ. "ಒಳ್ಳೇ ಜನ ಏಳೇ ಮಂದಿ ಇದ್ದಿದ್ದು ಸಾರ್. ಉಳಿದವರು ಕಲ್ಲು. ಆ ಏಳರಲ್ಲಿ ನಮ್ಮಜ್ಜಿ ಒಬ್ಬರು, ಅದು ನನ್ನ ಪುಣ್ಯ!"

ಚಪ್ಪಾಳೆ ಬಿತ್ತು. ಅಂಚೆಯಜ್ಜ ಎಲ್ಲರಿಗೂ ಕಾಣುವಂತೆ ಬೆನ್ನು ನೆಟ್ಟಗೆ ಮಾಡಿದರು. ಮೇಷ್ಟ್ರೂ ನಕ್ಕರು. "ಅಕ್ಕನಂಥವರೂ ಇದ್ದರು, ಒಪ್ಪೋಣ. ಆದರೂ ಜಾಗ ಇರಲಿಲ್ಲವಲ್ಲ ಮಗೂ."

ಹಿಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಅಕ್ಕ ಎದ್ದು ನಿಂತಿದ್ದರು.

"ಆ ಪುಸ್ತಕ ಓದ್ಸಿ."

"ಅದನ್ನ ಬಿಟ್ಟಾಯ್ತಲ್ಲಕ್ಕಾ" ಎಂದರು ಅಧ್ಯಕ್ಷರು. "ನೀವೂ ಸುಮ್ನಿದ್ರಿ."

"ಸುಮ್ನಿದ್ದೆ. ಈಗ ತಕರಾರು ಮಾಡ್ತಿದೀನಿ."

ಅಧ್ಯಕ್ಷರು ನನ್ನ ಕಡೆ ನೋಡಿದರು. ಮತ ಹಾಕುವವರೆಗೂ ತಕರಾರಿಗೆ ಅವಕಾಶವಿದೆ ಎಂದೆ. ಅಂಚೆಯಜ್ಜ ಹೆಂಡತಿಯ ಸೆರಗು ಎಳೆದು, "ಲೇ, ತಲೆ ಕೆಟ್ಟಿದ್ಯಾ ನಿಂಗೆ? ಕೂತ್ಕೊಳೇ!" ಎಂದು ಪಿಸುಗುಟ್ಟಿದ್ದು ಇಡೀ ಸಭೆಗೆ ಕೇಳಿತು.

ಓದಲು ಶುರುಮಾಡಿದೆ. ಏಳು ಹೆಸರು ಮೊದಲು. ಅಜ್ಜಿಯ ಹೆಸರು ಬರಲಿಲ್ಲ. ನಾನೇ ತಪ್ಪಿ ಬಿಟ್ಟಿರಬೇಕು ಎನ್ನುವಂತೆ ಮೊಮ್ಮಗಳು ನನ್ನನ್ನೇ ನೋಡಿದಳು. ಆಮೇಲೆ ಐವತ್ತೆರಡು ಕಾರಣಗಳು. ಒಬ್ಬರಿಗೆ ಬಂದವರ ನಾಯಿಯ ಭಯ. ಒಬ್ಬರಿಗೆ ಅವರು ಹಾಡಿಕೊಳ್ಳುವುದು ಹಿಡಿಸಿಲ್ಲ. "ಪರೀಕ್ಷೆಗೆ ಓದುತ್ತಿದ್ದೇನೆ, ಮಕ್ಕಳ ಗಲಾಟೆ ಆಗದು" ಎಂದವರು ಆಗಿನ್ನೂ ಮೇಷ್ಟ್ರಾಗಿರದ ನಮ್ಮ ಮೇಷ್ಟ್ರು. ಇಪ್ಪತ್ತಮೂರನೆಯದನ್ನು ಓದುವಾಗ ನನ್ನ ದನಿ ಇಳಿಯಿತು. "ಗಟ್ಟಿಯಾಗಿ!" ಎಂದರು ಅಕ್ಕ. ಮತ್ತೆ ಓದಿದೆ. ಅದರ ಮುಂದಿನ ಸಾಲು ಅವರ ಗಂಡನದು. ಕಾರಣ: "ಇವಳು ಹೇಳಿದ್ದೇ ನನ್ನ ಕಾರಣ."

ಸಭೆಯೆಲ್ಲ ಗೊಳ್ಳೆಂದಿತು. ಅಂಚೆಯಜ್ಜ ಕನ್ನಡಕ ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

"ಐವತ್ತೆರಡರಲ್ಲಿ ಜಾಗ ಇಲ್ಲ ಅಂತ ಯಾರಾದ್ರೂ ಅಂದಿದಾರೇನಪ್ಪ?" ಅಕ್ಕ ಕೇಳಿದರು.

"ಒಬ್ಬರೂ ಇಲ್ಲ."

"ಆ ಗೋದಾಮು ಆಗ್ಲೂ ಖಾಲಿ ಇತ್ತು. ನೂಲಿನ ಕಂಪನಿ ಮುಚ್ಚಿ ವರ್ಷ ಆಗಿತ್ತು. ಜಾಗ ಇಲ್ಲ ಅನ್ನೋದನ್ನ ಆಮೇಲೆ ನಾವೇ ಹೊಲ್ಕೊಂಡ್ವಿ ಮೇಷ್ಟ್ರೇ. ಹೊಲಿಗೆ ಚೆನ್ನಾಗೇ ಕೂತಿದೆ."

ಮೇಷ್ಟ್ರಿಗೆ ಮುಜುಗರವಾಗಿತ್ತು, ಆದರೂ ಅವರು ಬಿಡುವವರಲ್ಲ. "ಕಾಲ ಬೇರೆ ಇತ್ತಕ್ಕಾ. ಆಗಿನವರನ್ನ ಈಗಿನ ತಕ್ಕಡೀಲಿ ತೂಗೋದು ತಪ್ಪು."

"ಆಗಿನ ತಕ್ಕಡೀನೇ ತನ್ನಿ, ಅದಕ್ಕೇನು? ಆ ಏಳು ಜನ ಎಲ್ಲಿಂದ ಬಂದ್ರು? ಅವ್ರೂ ಆಗಿನ ಕಾಲದವ್ರೇ." ಅಕ್ಕ ಗಡಿಯಾರದವರ ಕಡೆ ಕೈ ತೋರಿದರು. ಅವರು ಗೋಡೆಯ ಗಡಿಯಾರ ಎರಡು ನಿಮಿಷ ಹಿಂದಿದೆ ಎನ್ನುವಂತೆ ಅದನ್ನೇ ನೋಡುತ್ತಿದ್ದರು. "ನಾನು ಕಲ್ಲಾಗಿರ್ಲಿಲ್ಲ. ಹೆದರಿದ್ದೆ. ಸಣ್ಣ ಅಂಗಡಿ, ಸಣ್ಣ ಭಯ. ಆದ್ರೆ ಅವ್ರು ಮಕ್ಕಳನ್ನ ಎತ್ಕೊಂಡು ಆಚೆ ರಸ್ತೆ ಹಿಡಿದು ಹೋದದ್ದು ನನ್ನ ಅಂಗಡಿ ಮುಂದೇನೇ. ನಾನು ಒಳಗೆ ತಿರುಗಿ ಕೂತೆ."

ಅವರು ಮುಂದೆ ಎಲ್ಲಿಗೆ ಹೋದರು ಎಂದು ನಡಾವಳಿಯಲ್ಲಿ ಇಲ್ಲ. ಸಭೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಮತಕ್ಕೆ ಬಂದಾಗ ನಾನು ಸಾಲಾಗಿ ಕೇಳುತ್ತ ಹೋದೆ. ಮೊಮ್ಮಗಳ ಮುಖ ಊದಿಕೊಂಡಿತ್ತು. "ಅವರು ಬರ್ಲೇಬೇಕು" ಎಂದಳು. "ಆದ್ರೆ ಗೋದಾಮೇ ಯಾಕೆ? ಬೇರೆ ಜಾಗ ಹುಡುಕ್ಬಹುದಲ್ವಾ?" ಹಿಂದೆ ಕೂತಿದ್ದ ಯುವಕರ ಸಂಘದವರು ಹೌದೌದು ಎಂದರು.

"ಗೊತ್ತುವಳಿ ಇರೋದು ಗೋದಾಮಿನ ಮೇಲೆ. ಅದು ಬೇಡ ಅಂದ್ರೆ ವಿರೋಧ ಅಂತ ಬರೀಬೇಕಾಗುತ್ತೆ" ಎಂದೆ. "ಕಾರಣ ಹೇಳಿ."

"ಕಾರಣ... ಅಲ್ಲಿ ನಮ್ಮ ಟೇಬಲ್ ಟೆ—"

ಅಲ್ಲಿಗೇ ನಿಂತಳು. ನನ್ನ ಪೆನ್ನು 'ಟೇ' ಬರೆದಾಗಿತ್ತು. ಯಾರೋ ಕಿಸಕ್ಕೆಂದರು. ಸಭೆಯಲ್ಲಿ ನಗದೇ ಇದ್ದವರು ಅಕ್ಕ ಒಬ್ಬರೇ.

"ಹೊಡೆದುಹಾಕಿ ಅದನ್ನ" ಎಂದಳು. "ಪರ ಅಂತ ಬರ್ಕೊಳ್ಳಿ."

ಪರ ಐವತ್ತೆಂಟು, ವಿರೋಧ ಮೂವತ್ತೊಂಬತ್ತು. ಮೇಷ್ಟ್ರು ಕೊನೆಗೂ ವಿರೋಧವೇ. ಆದರೆ ಕಾರಣ ಬರೆಸುವಾಗ ಮೂರು ಸಲ ಬದಲಾಯಿಸಿದರು.

ಮೊಮ್ಮಗಳು ನಾಲ್ಕು ದಿನ ಅಂಗಡಿಯ ಕಡೆ ಸುಳಿಯಲಿಲ್ಲ. ಅಕ್ಕ ಕರೆಯಲೂ ಇಲ್ಲ. ಹನ್ನೊಂದು ಕುಟುಂಬಕ್ಕೆ ಹಾಸಿಗೆ ಹೊಲಿಯುವುದಿತ್ತು. ಪಟ್ಟಿ ಗೋಡೆಗೆ ಬರಲಿಲ್ಲ. ಬರೆಯಲು ತಂದಿದ್ದ ದೊಡ್ಡ ಹಾಳೆಯ ಮೇಲೆ ಅಂಚೆಯಜ್ಜ ಬಿಸಿ ಚಹಾ ಲೋಟ ಇಟ್ಟುಕೊಳ್ಳುವುದನ್ನು ನಾನೇ ನೋಡಿದೆ.

ಐದನೇ ದಿನ ಗೋದಾಮು ಖಾಲಿ ಮಾಡಬೇಕಿತ್ತು. ಕುಟುಂಬಗಳು ಗಂಟು ಮೂಟೆ ಸಮೇತ ಅಂಗಳದಲ್ಲಿ ನಿಂತಿದ್ದವು. ಯುವಕರ ಸಂಘದವರು ಒಬ್ಬರೂ ಬಂದಿರಲಿಲ್ಲ. ಮೊಮ್ಮಗಳು ಮೇಜಿನ ಒಂದು ತುದಿ ಹಿಡಿದಿದ್ದಳು. ಅಕ್ಕ ಹೋಗಿ ಇನ್ನೊಂದು ತುದಿ ಹಿಡಿದರು. ನಾನು ಕೈ ಹಾಕಲು ಹೋದರೆ, "ನೀನು ಬಾಗಿಲು ಹಿಡ್ಕೋ" ಎಂದು ದೂರ ಕಳಿಸಿದರು.

"ನಾನಿನ್ನೂ ನಿನ್ನ ಕ್ಷಮಿಸಿಲ್ಲ ಅಜ್ಜಿ."

"ಕ್ಷಮಿಸಬೇಕಾದವಳು ನೀನಲ್ಲ ಕಣೇ. ಎತ್ತು, ಗೋಡೆಗೆ ತಾಗುತ್ತೆ."

"ಅಲ್ಲ, ನನ್ನ ಪ್ರಬಂಧ? ಬಹುಮಾನ ವಾಪಸ್ ಕೊಡ್ಬೇಕಾ ಈಗ?"

"ಲೋಟ ತಾನೇ ಕೊಟ್ಟಿದ್ದು? ನಿಮ್ಮಜ್ಜ ಅದನ್ನ ಕಳೆದು ಹತ್ತು ವರ್ಷ ಆಯ್ತು."

ಮೊಮ್ಮಗಳಿಗೆ ನಗು ಬಂತು, ಬರಬಾರದಿತ್ತು ಎಂದು ತುಟಿ ಕಚ್ಚಿದಳು. ಅಷ್ಟರಲ್ಲಿ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗೂ ಇಲ್ಲ, ಹೊರಗೂ ಇಲ್ಲ. ಇಬ್ಬರೂ ಆಚೆ ಈಚೆ ನಿಂತು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿರುವಾಗ, ಅಂಗಳದಲ್ಲಿದ್ದ ಒಬ್ಬ ಹೆಂಗಸು ಮಗುವನ್ನು ಪಕ್ಕದವರ ಕೈಗೆ ಕೊಟ್ಟು ಬಂದಳು. ಅವಳ ಭಾಷೆ ನಮಗೆ ಬಾರದು. ಮೇಜಿನ ಕೆಳಗೆ ಬಗ್ಗಿ ನೋಡಿ, ಅಕ್ಕನ ಭುಜ ತಟ್ಟಿ, ಕಾಲುಗಳ ಕೀಲನ್ನು ತೋರಿಸಿದಳು. ಮಡಚುವ ಮೇಜು ಅದು. ಆರು ವರ್ಷ ಅದರ ಮೇಲೆ ಆಡಿದ ಮೊಮ್ಮಗಳಿಗೆ ಗೊತ್ತಿರಲಿಲ್ಲ.

"ಕಾನೂನು ಓದ್ತಾಳೆ ಇವಳು" ಎಂದು ಅಕ್ಕ ಆ ಹೆಂಗಸಿಗೆ ದೂರು ಹೇಳಿದರು. ಅವಳಿಗೆ ಏನರ್ಥವಾಯಿತೋ, ಹೌದೌದು ಎಂದು ತಲೆಯಾಡಿಸಿದಳು. ಮೂವರೂ ಸೇರಿ ಕಾಲು ಮಡಚಿ, ಮೇಜನ್ನು ಅಂಗಳಕ್ಕೆ ತಂದು ಇಳಿಸಿದರು.